ನಲವತ್ತು ಚೂರಿಗಳ ಬೆನ್ನು ಹತ್ತಿದ ರಸೂಲ್ ಸಾಬರು

ಬೆಳಗಿನ ಐದೂವರೆ. ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಓಣಿಯಲ್ಲಿ ಗುಲಾಮ್ ರಸೂಲ್ ಕುಲುಮೆ ಹೊತ್ತಿಸುವ ಮೊದಲು ಮೂಲೆಯ ಎಣ್ಣೆ ಡಬ್ಬಕ್ಕೆ ಬೆರಳು ಹಾಕಿ ನೋಡುತ್ತಾರೆ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿದೆ. ಡಬ್ಬವನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು, ಅದು ಪೂರ್ತಿ ಕರಗಿ ತಿಳಿಯಾಗುವವರೆಗೆ ಕೈಕಟ್ಟಿ ಕೂರುತ್ತಾರೆ. ಬಾಗಿಲಲ್ಲಿ ಮಚ್ಚು ಹಿಡಿದು ನಿಂತ ಇಬ್ಬರು ತೋಟಕ್ಕೆ ಹೊತ್ತಾಯಿತೆಂದು ಗೊಣಗುತ್ತಾರೆ. ಇವರು ಜಗ್ಗುವುದಿಲ್ಲ.

ಅರವತ್ತರ ಹತ್ತಿರದ ಈ ಮನುಷ್ಯ ದಿನಕ್ಕೆ ಐವತ್ತು ಅರವತ್ತು ಮಚ್ಚು, ಕುಡುಗೋಲುಗಳಿಗೆ ಸಾಣೆ ಹಿಡಿಯುತ್ತಾರೆ. ಆದರೆ ನಾನು ಹುಡುಕಿಕೊಂಡು ಹೋಗಿದ್ದು ಬೇರೆ ಸುದ್ದಿ ಕೇಳಿ. ಬೇಟೆಗಾರರು ಸೊಂಟಕ್ಕೆ ಸಿಗಿಸುತ್ತಿದ್ದ ಮಡಿಸುವ ಚೂರಿಗಳನ್ನು ಸಾಬರೊಬ್ಬರು ಊರೂರು ಸುತ್ತಿ ಸಂಗ್ರಹಿಸುತ್ತಾರೆ, ಅದೂ ನಂಬರು ಹೊಡೆದ ನಲವತ್ತನ್ನು ಮಾತ್ರ ಎಂದು ಯಾರೋ ಹೇಳಿದ್ದರು. ಸಿರಿವಂತರ ಖಯಾಲಿ ಸಾಣೆಯವರಿಗೆ ಹೇಗೆ ಅಂಟಿತೆಂದು ಒಂದು ತಮಾಷೆಯ ಲೇಖನವನ್ನು ಬಸ್ಸಿನಲ್ಲೇ ಮನಸ್ಸಿನೊಳಗೆ ಬರೆದು ಮುಗಿಸಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಅದು ಖಯಾಲಿಯಲ್ಲ, ಭಯ.

ಆ ನಲವತ್ತನ್ನೂ ಮಾಡಿದವರು ಇವರೇ. ಅದು ೧೯೭೦ರ ಮಾರ್ಗಶಿರ. ಬೇಟೆಗೆ ಇನ್ನೂ ನಿಷೇಧ ಬಂದಿರಲಿಲ್ಲ. ಬೋರನಕಣಿವೆ ಕಡೆ ಹಂದಿ ಬೇಟೆಗೆ ಹೋಗುತ್ತಿದ್ದ ತಂಡವೊಂದು ಲಾರಿಯ ಉಕ್ಕಿನ ಪಟ್ಟಿಯ ಅಲಗು, ತೆಂಗಿನ ಮರದ ಗಟ್ಟಿ ಚೇಗಿನ ಹಿಡಿ ಇರುವ ಚೂರಿಗಳನ್ನು ಹೇಳಿ ಮಾಡಿಸಿತು. ಒಂದರಿಂದ ನಲವತ್ತರವರೆಗೆ ಕೀಲಿನ ಪಕ್ಕ ನಂಬರು ಹೊಡೆಯಬೇಕು, ನಲವತ್ತೊಂದನೆಯದನ್ನು ಯಾರು ಕೇಳಿದರೂ ಮಾಡಕೂಡದು ಎಂಬುದು ಕರಾರು. ರಸೂಲರಿಗೂ ಹೆಮ್ಮೆ. ಎಲ್ಲ ಮುಗಿದು, ಬಿಚ್ಚಿದ ಅಲಗನ್ನು ಬಿಗಿಯಾಗಿ ಹಿಡಿದಿಡುವ ಸ್ಪ್ರಿಂಗುಗಳನ್ನು ಕಾಯಿಸಿ ಎಣ್ಣೆಗೆ ಅದ್ದುವ ಕೆಲಸವೊಂದೇ ಬಾಕಿ ಇತ್ತು.

"ಸಂಜೆಗೆ ಜೀಪು ಬತ್ತದೆ ಅಂತ ಹೇಳಿಕಳ್ಸಿದ್ರು ಕಣ್ರೀ. ಬೆಳಿಗ್ಗೆ ನೋಡಿದ್ರೆ ಎಣ್ಣೆ ತುಪ್ಪದಂಗೆ ಹೆಪ್ಪುಗಟ್ಟದೆ. ಕಾದ ಕಬ್ಬಿಣ ಬಿದ್ರೆ ತಾನೇ ಕರಗ್ತದೆ ಬುಡು ಅಂತ ಹಂಗೇ ತುರುಕ್ಬುಟ್ಟೆ. ಅರ್ಧ ಗಂಟೆ ಕಾಯ್ಲಿಲ್ಲ ನಾನು."

ಗಟ್ಟಿ ಎಣ್ಣೆಯಲ್ಲಿ ಕಬ್ಬಿಣ ಒಂದೇ ಹದಕ್ಕೆ ಬರುವುದಿಲ್ಲ. ಹೊರಗೆ ಗಡುಸು, ಒಳಗೆ ಮೆತ್ತಗೆ. ಅಂಥ ಸ್ಪ್ರಿಂಗು ವರ್ಷಗಟ್ಟಲೆ ಚೆನ್ನಾಗಿಯೇ ನಡೆದು, ಒಂದು ದಿನ ಒತ್ತು ಬಿದ್ದಾಗ ಹೇಳದೆ ಕೇಳದೆ ಕೈಕೊಡುತ್ತದೆ. ಆಗ ಅಲಗು ಹಿಡಿಯೊಳಕ್ಕೆ, ಅಂದರೆ ಹಿಡಿದವರ ಬೆರಳ ಮೇಲಕ್ಕೆ ಮಡಿಸಿಕೊಳ್ಳುತ್ತದೆ.

ಒಂಬತ್ತು ವರ್ಷ ಏನೂ ಆಗಲಿಲ್ಲ. ಬೇಟೆ ನಿಂತು ಚೂರಿಗಳು ಮನೆಬಳಕೆಗೆ ಬಂದವು. ತುರುವೇಕೆರೆಯ ಕೊಬ್ಬರಿ ಕೆಲಸದ ತಿಪ್ಪಯ್ಯನಿಗೆ ಅವರ ಸೋದರಮಾವ ಕೊಟ್ಟದ್ದು ನಾಲ್ಕನೇ ನಂಬರು. ೧೯೭೯ರಲ್ಲಿ ಅದು ಅವರ ಬಲಗೈಯ ಎರಡು ಬೆರಳು ತೆಗೆಯಿತು. ರಸೂಲರು ಓಡಿಹೋಗಿ ಚೂರಿ ಬಿಚ್ಚಿ ನೋಡಿದರು, ಆ ಬೆಳಗಿನ ಎಣ್ಣೆ ನೆನಪಾಯಿತು. ತಪ್ಪೊಪ್ಪಿಕೊಂಡರೆ ತಿಪ್ಪಯ್ಯ ಬೈಯಲೂ ಇಲ್ಲವಂತೆ, ನಿನ್ನದೇನು ತಪ್ಪು ಸಾಬಣ್ಣ, ನನ್ನ ಗ್ರಹಚಾರ ಅಂದರಂತೆ. ಬೈದಿದ್ದರೆ ವಾಸಿಯಾಗುತ್ತಿತ್ತು ಎನ್ನುತ್ತಾರೆ ರಸೂಲರು.

ಅಲ್ಲಿಂದ ಈಚೆಗೆ, ಈ ಐದು ವರ್ಷವೂ ಪ್ರತಿ ಶುಕ್ರವಾರ ನಮಾಜು ಮುಗಿಸಿ ಹೊರಡುತ್ತಾರೆ. ಚೂರಿಗೆ ಬದಲು ಚೂರಿ ಕೊಡುತ್ತಾರೆ, ಹೊಸದು, ಹದವಾದದ್ದು, ನಂಬರಿಲ್ಲದ್ದು. ಅಲ್ಲೇ ಗಂಟು ಬಿದ್ದಿರುವುದು. ನಂಬರಿದ್ದದ್ದನ್ನು ಬಿಡಲು ಯಾರಿಗೂ ಸುಲಭಕ್ಕೆ ಮನಸ್ಸು ಬರುವುದಿಲ್ಲ. ಇವರು ಕೇಳಿದಷ್ಟೂ ಅದಕ್ಕೆ ಬೆಲೆ ಬಂದಿದೆಯೆಂದು ಪೆಟ್ಟಿಗೆಯ ತಳಕ್ಕೆ ಸೇರಿಸುತ್ತಾರೆ. ಒಂದೂರಲ್ಲಿ, ಚೂರಿ ಕೂಡಿಹಾಕುತ್ತಿರುವುದು ಯಾಕೆಂದು ಹತ್ತು ಜನ ಸುತ್ತುವರಿದರು. ಇನ್ನೊಂದು ಕಡೆ ಪೊಲೀಸರು ಸಂಜೆಯವರೆಗೆ ಕೂರಿಸಿಕೊಂಡರು. ಮನೆಯಲ್ಲಿ ಹೆಂಡತಿ ಅಜೀಜುನ್ನೀಸಾ ಆ ಚೂರಿಗಳನ್ನಿಟ್ಟ ಟ್ರಂಕಿನ ಪಕ್ಕ ಸುಳಿಯುವುದಿಲ್ಲ. ಹಾಳಾದ್ದನ್ನು ಕರಗಿಸಿಬಿಡಿ ಎಂದು ಅವರ ಗೋಳು. ನಲವತ್ತೂ ಕಣ್ಣೆದುರು ಬೀಳುವವರೆಗೆ ಒಂದನ್ನೂ ಕರಗಿಸುವುದಿಲ್ಲವೆಂದು ಇವರ ಹಟ.

ಕಳೆದ ಶುಕ್ರವಾರ ನಾನೂ ಜೊತೆಗೆ ಹೋಗಿದ್ದೆ. ಕಂದಿಕೆರೆಯ ಭೈರಮ್ಮನ ಮನೆಯಲ್ಲಿ ಮೂವತ್ತೊಂದನೇ ನಂಬರು ಇದೆಯೆಂದು ಗೊತ್ತಾಗಿತ್ತು. ಬೇಟೆಗೆ ಹೋಗುತ್ತಿದ್ದ ಗಂಡ ತೀರಿಕೊಂಡು ಮೂರು ವರ್ಷವಾಗಿದೆ. ನಾವು ಹೋದಾಗ ಆಕೆ ಪಡಸಾಲೆಯಲ್ಲಿ ಅದೇ ಚೂರಿಯಿಂದ ಒಣಗಿದ ಕೊಬ್ಬರಿ ಗಿಟುಕನ್ನು ಒತ್ತಿ ಒತ್ತಿ ಸೀಳುತ್ತಿದ್ದರು. ರಸೂಲರು ಹೊಸ್ತಿಲಲ್ಲೇ ನಿಂತರು. ಕೂಗಿದರೆ ಆಕೆ ಬೆಚ್ಚಿ ಕೈ ಜಾರಬಹುದು. ಒಂದು, ಎರಡು, ಮೂರು ಗಿಟುಕು.  ನಾಲ್ಕನೆಯದಕ್ಕೆ ಆಕೆ ಸೆರಗು ಸರಿಮಾಡಿಕೊಳ್ಳಲು ಚೂರಿ ಕೆಳಗಿಟ್ಟಾಗ ರಸೂಲರು ಒಳಗೆ ಕಾಲಿಟ್ಟು, ಬಂದ ಕಾರಣ ಹೇಳಿ ಚೂರಿ ಕೇಳಿದರು.

ಭೈರಮ್ಮ ಖಡಾಖಂಡಿತವಾಗಿ ಕೊಡುವುದಿಲ್ಲ ಅಂದರು. "ಇಡೀ ಸೀಮೇಲಿ ಮೂವತ್ತೊಂದು ಇರೋದು ನಂದೊಂದೇ ಅಂತ ನಮ್ಮೆಜಮಾನ್ರು ಹೇಳೋರು. ಇದು ಹೋದ್ರೆ ಅವ್ರೇ ಇನ್ನೊಂದ್ಸಲ ಹೋದಂಗೆ ಕಣಪ್ಪ."

ರಸೂಲರು ವಾದ ಮಾಡಲಿಲ್ಲ. ಬೇಲಿಯಿಂದ ಬೆರಳು ಗಾತ್ರದ ನಾಲ್ಕು ಹಸಿ ದಾಸವಾಳದ ಕಡ್ಡಿ ತಂದು, ಬೆರಳಿರುವ ಜಾಗದಲ್ಲಿ ಹಿಡಿಗೆ ಕಟ್ಟಿದರು. ಚೂರಿಯನ್ನು ಬೆನ್ನ ಕಡೆಯಿಂದ ಹಿಡಿದು, ಮೊನೆಯನ್ನು ಒರಳುಕಲ್ಲಿಗೆ ಆನಿಸಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಏನೂ ಇಲ್ಲ. ಭೈರಮ್ಮ ನಕ್ಕರು. ಚೂರಿ ಚೆನ್ನಾಗಿಯೇ ಇದ್ದು, ಈ ಮನುಷ್ಯ ಐದು ವರ್ಷ ಸುಮ್ಮನೆ ಹೆದರಿ ಸತ್ತಿರಲಿ ದೇವರೇ ಎಂದು ನಾನು ಬೇಡಿಕೊಂಡೆ. ಮೂರನೇ ಸಲ ಟಕ್ಕೆಂದಿತು. ಎರಡು ಕಡ್ಡಿಗಳ ತುಂಡು ನೆಲಕ್ಕೆ ಬಿದ್ದವು.

 ಭೈರಮ್ಮ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ರಸೂಲರು ಚೂರಿಯನ್ನು ಆಕೆಯ ಮುಂದೆಯೇ ಇಟ್ಟು ಹಿಂದೆ ಸರಿದರು. ಚೂರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆಂದು ಇಲ್ಲಿನ ನಂಬಿಕೆ. ಆಕೆ ಅದನ್ನೆತ್ತಿ ಸೆರಗಿನಿಂದ ಒರೆಸಿ, ಮಡಿಸಿ, ಅವರ ಕಾಲ ಹತ್ತಿರ ನೆಲಕ್ಕಿಟ್ಟು ಒಳಗೆ ಹೋದರು. ಹೊಸ ಚೂರಿ ಬೇಡವೆಂದರು.

ವಾಪಸು ಬಸ್ಸಿನಲ್ಲಿ ರಸೂಲರು ಲೆಕ್ಕ ಹೇಳಿದರು. ಮೂವತ್ತೊಂಬತ್ತು ಸಿಕ್ಕವು. ಉಳಿದಿರುವುದು ಒಂಬತ್ತನೇ ನಂಬರೊಂದೇ. ಅದನ್ನು ಕೊಂಡಿದ್ದ ಬೇಟೆಗಾರ ಅಮ್ಮಸಂದ್ರದ ಸ್ಟೇಷನ್ನಿನಲ್ಲಿ, ಚೆನ್ನಾಗಿದೆಯೆಂದು ಹೊಗಳಿದ ಗುರುತಿಲ್ಲದ ಪ್ರಯಾಣಿಕನಿಗೆ ಕೊಟ್ಟುಬಿಟ್ಟಿದ್ದರು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ತಮ್ಮ ಬಗ್ಗೆ ಪೇಪರಿನಲ್ಲಿ ಬರೆಯಲು ರಸೂಲರು ಒಪ್ಪಿದ್ದೇ ಇದಕ್ಕಾಗಿ. ಫೋಟೋ ಬೇಡ, ಹೊಗಳುವುದೂ ಬೇಡ, ಆ ನಂಬರೊಂದನ್ನು ಬಿಡದೆ ಹಾಕಬೇಕು ಎಂದು ಎರಡು ಸಲ ಹೇಳಿದರು.

"ನಂಗೆ ವಾಪಸ್ ಕೊಡದಿದ್ರೂ ಬುಡಿ. ಮಡಿಸಿ ಮೇಲಿಟ್ಬುಟ್ಟು ಮತ್ತೆ ಮುಟ್ಬ್ಯಾಡಿ ಅನ್ನಿ. ಐದು ಬೆರಳೂ ನೆಟ್ಟಗವೆ, ಅನ್ನ ಕಲಸ್ತಾ ಇದೀನಿ ಅಂತ ಆ ಪುಣ್ಯಾತ್ಮ ಒಂದು ಕಾರ್ಡು ಗೀಚಿ ಹಾಕ್ಲಿ. ಗೀಚೋ ಕೈ ಇದ್ರೆ ಅಷ್ಟೇ ಸಾಕು ನಂಗೆ."