ದೇವಣ್ಣ ಬಿಚ್ಚಿಕೊಟ್ಟ ಗಂಟು

ಕೊಳ್ಳೇಗಾಲದ ನೇಕಾರರ ಬೀದಿಯ ತುದಿಯಲ್ಲಿ ಮೊನ್ನೆಮೊನ್ನೆಯವರೆಗೂ ಒಂದು ಕಬ್ಬಿಣದ ಮಂಟಪವಿತ್ತು. ಅರಸರ ಕಾಲದಲ್ಲಿ ಗಾಡಿಯವರ ನೆರಳಿಗೆಂದು ನಿಲ್ಲಿಸಿದ್ದು. ಕಂಬದ ತಲೆಗೆ ಬಳ್ಳಿ, ಬಳ್ಳಿಯ ಮೇಲೆ ಗಿಳಿ, ಎಲ್ಲವೂ ಎರಕದ್ದೇ. ಗಾಡಿಗಳು ಹೋದವು, ಮಂಟಪ ನೇಕಾರರ ಪಾಲಿಗೆ ಉಳಿಯಿತು. ಮಗ್ಗಕ್ಕೇರಿಸುವ ಮೊದಲು ರೇಷ್ಮೆಯ ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿ ಎಳೆ ಸರಿಮಾಡಬೇಕಲ್ಲ, ಅದಕ್ಕೆ ಅಂಥ ಗಟ್ಟಿ ಕಂಬ ಬೇರೆಲ್ಲಿತ್ತು?

ದೇವಣ್ಣ ಮೀಸೆ ಮೂಡುವ ಮೊದಲಿನಿಂದ ಅಲ್ಲಿ ಹಾಸು ಕಟ್ಟಿದವನು. ಅಜ್ಜನ ಕಾಲದಿಂದ ಹಗ್ಗ ಉಜ್ಜಿ ಉಜ್ಜಿ ಅವನ ಕಂಬದ ನಡುವಿಗೆ ಬೆರಳು ಕೂರುವಷ್ಟು ಗೆರೆ ಬಿದ್ದಿತ್ತು. ಆ ಬೀದಿಯದೊಂದು ಕಟ್ಟುಪಾಡು: ಒಬ್ಬರು ಕಟ್ಟಿದ ಹಾಸಿನ ಹಗ್ಗವನ್ನು ಇನ್ನೊಬ್ಬರು ಬಿಚ್ಚಬಾರದು. ಮುಖ ಮುರಿದುಕೊಂಡ ಅಣ್ಣತಮ್ಮಂದಿರೂ ಇದನ್ನು ಮೀರಿದವರಲ್ಲ.

ಊರು ಬೆಳೆಯಿತು, ರಸ್ತೆ ಅಗಲವಾಗಬೇಕಾಯಿತು. ಆ ಕೆಲಸ ಹಿಡಿದ ಕಾಂಟ್ರಾಕ್ಟರ್ ಸತೀಶ್, ದೇವಣ್ಣನ ಅಕ್ಕನ ಮಗ. ತಂದೆ ಇಲ್ಲದ ಅವನನ್ನು ಸಾಕಿ ಮಗ್ಗ ಕಲಿಸಿದವನೂ ದೇವಣ್ಣನೇ.

"ಮಾವ, ಕಂಬ ತುಕ್ಕು ಇಡ್ದದ. ರಿಪೇರಿ ಮಾಡ್ಸಿ ಪಾರ್ಕ್‌ತಾವ ನಿಮ್ಗೇ ನಿಲ್ಲಿಸ್ಕೊಡ್ತೀನಿ. ಹಗ್ಗ ಇರಗಂಟ ನಮ್ ಆಳ್ಗಳು ಯಾರೂ ಮುಟ್ಟಕಿಲ್ಲ ಅಂತಾವ್ರ. ಬೀದಿಯೋರ್ಗೆ ನೀವೊಂದ್ ಮಾತು ಏಳಿ."

"ಅವ್ನ ಮಾತು ನಂಬ್ಬೇಡಿ ಕಣ್ರಿ" ಎಂದಳು ಹೆಂಡತಿ ರುದ್ರಾಣಿ.

"ಸುಮ್ನಿರಮ್ಮಿ, ನನ್ ಕೈಲಿ ಬೆಳ್ದ ಕೂಸು ಅವ್ನು" ಎಂದು ರೇಗಿದ ದೇವಣ್ಣ ಮನೆಮನೆಗೂ ಹೋಗಿ ತಾನು ಜವಾಬ್ದಾರಿ ಎಂದ. ತನ್ನ ಗಂಟನ್ನೇ ಮೊದಲು ಬಿಚ್ಚಿದ.

ಲಾರಿ ಹತ್ತಿದ ಕಂಬಗಳು ಪಾರ್ಕಿನ ಕಡೆ ತಿರುಗಿಯೂ ನೋಡಲಿಲ್ಲ. ನೇಕಾರರು ಹಾರನ್ನಿನ ನಡುವೆ ಕರೆಂಟು ಕಂಬಗಳಿಗೆ ಹಾಸು ಕಟ್ಟತೊಡಗಿದರು. ಯಾರೂ ದೇವಣ್ಣನನ್ನು ಬೈಯಲಿಲ್ಲ, ಮಾತಾಡಿಸುವುದನ್ನು ಬಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಸತ್ತೇಗಾಲದ ಹತ್ತಿರ, ಕಾವೇರಿ ದಡದಲ್ಲಿ, ಸತೀಶ್ ರೆಸಾರ್ಟ್ ಮಾಡಿದ್ದಾನೆ, ಮಂಟಪ ಅಲ್ಲಿದೆ ಎಂದು ಸುದ್ದಿ ಬಂತು. ದೇವಣ್ಣ ಹಗ್ಗವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಹೊಳೆಗೆ ಮುಖಮಾಡಿ ಮಂಟಪ ನಿಂತಿತ್ತು, ಮೈತುಂಬ ಹಸಿರು ಬಣ್ಣ. ಕೆಳಗೆ ಬೆತ್ತದ ಕುರ್ಚಿ, ಕಾಫಿ ಕುಡಿಯುವ ಜನ. ಕಂಬ ತಡವಿದ. ಬಣ್ಣದಡಿ ಗೆರೆ ಹಾಗೇ ಇತ್ತು.

"ಕ್ವಾಪ ಮಾಡ್ಕಬೇಡಿ ಮಾವ" ಎಂದು ನಗುತ್ತ ಬಂದ ಸತೀಶ್. "ಆ ಬೀದೀಲಿ ಇದ್ನ ಯಾರು ನೋಡೋರು? ನೀವೂ ಇಲ್ಲೇ ಬಂದು ಹಾಸು ಕಟ್ಟಿ, ಜನ ಫೋಟೋ ತಕತಾರ."

ದೇವಣ್ಣ ಹಗ್ಗ ತೆಗೆದು ಗೆರೆಗೆ ಕೂರಿಸಿ ಬಿಗಿಯಾಗಿ ಗಂಟು ಹಾಕಿದ.

"ಇದ್ನ ನಾನು ಬಿಚ್ಚಕಿಲ್ಲ. ನೀನೂ ನೇಕಾರ್ನ ಮಗ್ನೇ ಕಣ್ಲಾ, ನೋಡ್ಕ."

ಕಂಬಕ್ಕೊರಗಿ ಕೂತ. ಕಾವಲಿನವನು ಬರಬಹುದು, ಪೊಲೀಸರೂ ಬರಬಹುದು; ಸತೀಶನ ಕೈ ಮಾತ್ರ ಆ ಗಂಟಿಗೆ ಬಾರದು ಎಂಬ ಧೈರ್ಯ ಅವನಿಗಿನ್ನೂ ಇತ್ತು.

ಸತೀಶ್ ಕಾಫಿ ಕುಡಿಯುವವರ ಕಡೆ ಒಮ್ಮೆ ನೋಡಿ ಬಗ್ಗಿದ. ಆ ಗಂಟು ಎಳೆದಷ್ಟೂ ಬಿಗಿಯುತ್ತದೆ. ಹೆಬ್ಬೆರಳಲ್ಲಿ ಒಳಕ್ಕೆ ತಳ್ಳಿದರೆ ಮಾತ್ರ ಸಡಿಲುತ್ತದೆ. ದೇವಣ್ಣ ಕಲಿಸಿದ್ದನ್ನು ಅವನು ಮರೆತಿರಲಿಲ್ಲ. ಹಗ್ಗವನ್ನು ಅಚ್ಚುಕಟ್ಟಾಗಿ ಸುತ್ತಿ ಮಾವನ ಕೈಗಿಟ್ಟ.

"ಒತ್ತಾಯ್ತು ಮಾವ, ಬಸ್ಸು ತಪ್ಪೋಯ್ತದ."