ದೀಪ ಹಚ್ಚುವ ಹೊತ್ತಿನ ಫ್ರೆಂಚ್ ಹಾಡು

ನನಗೆ ಫ್ರೆಂಚ್ ಬರುವುದಿಲ್ಲ. ಆದರೂ ಫ್ರೆಂಚ್ ಹಾಡಿನ ಕಾರಣಕ್ಕೆ ಒಡಹುಟ್ಟಿದ ಅಕ್ಕನ ಜೊತೆ ಜಗಳವಾಡುವವನು ಶ್ರೀನಿವಾಸಪುರದಲ್ಲಿ ನಾನೊಬ್ಬನೇ ಇರಬೇಕು. ಇದರಲ್ಲಿ ನನ್ನ ತಪ್ಪೇನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ಮದುವೆಯಾದ ಹೊಸದರಲ್ಲಿ ನಾನೂ ಸರಳಾಳೂ ಪುದುಚೇರಿಯ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆವು. ಕೆಳಗಿದ್ದ ಮನೆಯ ಯಜಮಾನರು ಸಂಜೆಯಾದರೆ ಹಳೆಯ ಫ್ರೆಂಚ್ ರೆಕಾರ್ಡುಗಳನ್ನು ಹಾಕುತ್ತಿದ್ದರು. ಒಂದಕ್ಷರ ಅರ್ಥವಾಗದಿದ್ದರೂ ಸರಳಾ ಅನ್ನಕ್ಕಿಡುತ್ತ ಅವನ್ನೇ ಗುನುಗುತ್ತಿದ್ದಳು. ಊರಿಗೆ ಬಂದಮೇಲೂ ಆ ಅಭ್ಯಾಸ ಬಿಡಲಿಲ್ಲ. ಹೋದ ವರ್ಷ ಅವಳು ತೀರಿಕೊಂಡಳು. ಸಂಜೆ ಅಡಿಗೆಮನೆ ಸುಮ್ಮನಿರುವುದನ್ನು ತಾಳಲಾರದೆ ನಾನು ಫೋನಿನಲ್ಲಿ ಆ ಹಾಡುಗಳನ್ನು ಹಾಕತೊಡಗಿದೆ.

ಕುತೂಹಲಕ್ಕೆ ಅರ್ಥವನ್ನೂ ಹುಡುಕಿದೆ. ಎಲ್ಲ ಹಾಡಿನಲ್ಲೂ ಯಾರಾದರೊಬ್ಬರು ಬಿಟ್ಟುಹೋಗುತ್ತಾರೆ. ಎರಡನೆಯ ಸಾಲಿಗೇ ರೈಲು ಹೊರಟಿರುತ್ತದೆ. ಉಳಿದವರು ಹೋಟೆಲಿನ ಮೇಜಿನ ಮುಂದೆ ಕೂತು ಊರಿಗೆಲ್ಲ ಕೇಳುವಂತೆ ಅಳುತ್ತಾರೆ. ನಮ್ಮ ಕಾವ್ಯದ ವಿರಹಿಗಳಿಗಾದರೆ ಸಂದೇಶ ಒಯ್ಯಲು ಮೋಡವುಂಟು, ಹಂಸವುಂಟು. ಇವರಿಗೆ ಹೋಟೆಲಿನ ಮಾಣಿಯೇ ಗತಿ. ಆದರೂ ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಅಳಬೇಡ ಎನ್ನುವವರು ಆ ಹಾಡುಗಳಲ್ಲಿ ಒಬ್ಬರೂ ಇಲ್ಲ!

ಇಲ್ಲಿ ನೋಡಿ. ಸರಳಾಳನ್ನು ಇನ್ನೂ ಮನೆಯಿಂದ ಎತ್ತಿರಲಿಲ್ಲ, ಆಗಲೇ "ಗಂಡಸಾಗಿ ಅಳ್ತೀಯೇನಪ್ಪ" ಎಂದರು. ವೈಕುಂಠ ಸಮಾರಾಧನೆಯ ವಡೆ ಬಾಯಲ್ಲಿರುವಾಗಲೇ "ಆಗಿದ್ದಾಯ್ತು, ಬಿಟ್ಬಿಡು" ಎಂದರು. ಏನನ್ನು ಬಿಡಲಿ? ಯಾರನ್ನು ಬಿಡಲಿ? ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಇದು ಸಾಲದೆಂಬಂತೆ ನನ್ನನ್ನು ನೋಡಿಕೊಳ್ಳಲು ವಕ್ಕಲೇರಿಯಿಂದ ಅಕ್ಕ ಬಂದಳು. ಬಂದ ಸಂಜೆಯೇ ನನ್ನ ಫೋನನ್ನು ಕಸಿದುಕೊಂಡಳು.

"ದೀಪ ಹಚ್ಚೋ ಹೊತ್ತಲ್ಲಿ ಇದೇನೋ ಏಡುಪು! ಮನೇಗೆ ಲಕ್ಷ್ಮಿ ಬರೋ ಹೊತ್ತು ಕಣೋ."

ಸಿಟ್ಟು ಬಂದರೆ ಅಕ್ಕನ ಬಾಯಲ್ಲಿ ಅಳು ಅನ್ನುವುದು ತೆಲುಗಿನ ಏಡುಪಾಗುತ್ತದೆ.

"ಆ ಹೆಂಗಸು ಅಳ್ತಿಲ್ಲ ಅಕ್ಕ, ಹಾಡ್ತಿದ್ದಾಳೆ."

"ನಂಗೇನು ಕಿವಿ ಇಲ್ವಾ?"

ದಿನವೂ ಇದೇ ಆಯಿತು. ಸರಳಾ ಗುನುಗುತ್ತಿದ್ದ ಹೊತ್ತೂ ಲಕ್ಷ್ಮಿ ಬರುವ ಹೊತ್ತೂ ಒಂದೇ ಆದದ್ದು ನನ್ನ ತಪ್ಪೇ? ಕೊನೆಗೊಂದು ಸಂಜೆ ನಾನು ಕೂಗಾಡಿಬಿಟ್ಟೆ. "ಈ ಮನೇಲಿ ಅಳೋಕೂ ಮುಹೂರ್ತ ನೋಡ್ಬೇಕಾ? ಭಾವ ಹೋದಾಗ ನೀನು ಯಾವ ಹೊತ್ತಲ್ಲಿ ಅತ್ತಿದ್ದು ಹೇಳು!"

ಅಕ್ಕ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಬೆಳಿಗ್ಗೆ ಹಾಲು ಕರೆಯೋವಾಗ. ಹಸು ಯಾರ ಹತ್ರಾನೂ ಹೇಳಲ್ವಲ್ಲ. ಆಮೇಲೆ ಮುಖ ತೊಳ್ಕೊಂಡು ಡೈರಿಗೆ ಹಾಲು ಹಾಕೋಕೆ ಹೋಗ್ತಿದ್ದೆ." ಬತ್ತಿಯನ್ನು ಎಣ್ಣೆಗೆ ಅದ್ದಿದಳು. "ಸ್ವಲ್ಪ ದಿನ ಅಷ್ಟೆ. ಆಮೇಲೆ ಹಸೂನ ಮಾರಿಬಿಟ್ರು."

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.

ಮರುದಿನ ಊಟವಾದಮೇಲೆ ಪೇಪರ್ ಹಿಡಿದು ತೂಕಡಿಸುತ್ತಿದ್ದೆ. ಅಕ್ಕ ಗೋಡೆಗೊರಗಿ ಕಾಲು ಚಾಚಿ ಕೂತಳು.

"ದೀಪ ಹಚ್ಚೋಕೆ ಇನ್ನೂ ಬೇಕಾದಷ್ಟು ಹೊತ್ತಿದೆ. ಹಾಕೋ ಅವಳನ್ನ."

ಹಾಕಿದೆ. ಎರಡನೆಯ ಸಾಲಿಗೆ ರೈಲು ಹೊರಟಿತು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳನ್ನು ನಾನು ತಡೆಯಲಿಲ್ಲ, ನನ್ನನ್ನು ಅವಳೂ ತಡೆಯಲಿಲ್ಲ.

ಸಂಜೆ ಇಬ್ಬರೂ ಮುಖ ತೊಳೆದುಕೊಂಡೆವು. ಅಕ್ಕ ದೀಪ ಹಚ್ಚಿ, ಕೈಮುಗಿದು, ನನ್ನ ಕಡೆ ತಿರುಗಿದಳು.

"ಏನೇ ಹೇಳು ಕಣೋ, ಆ ಹಾಡೋಳ ಗಂಡ ಒಳ್ಳೆಯೋನೇ ಇದ್ದ ಅನ್ಸುತ್ತೆ."

ಆ ಹಾಡಿನವನು ಇನ್ನೊಬ್ಬಳ ಕೈಹಿಡಿದು ರೈಲು ಹತ್ತಿದ ದಗಾಕೋರ.

"ತುಂಬಾ ಒಳ್ಳೆಯೋನು ಅಕ್ಕ," ಎಂದೆ.