ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು

ನನ್ನ ಕೆಲಸ ಏನೆಂದು ನಮ್ಮೂರು ಸಾದಲಿಯಲ್ಲಿ ಯಾರಿಗೂ ನೆಟ್ಟಗೆ ವಿವರಿಸಲು ನನ್ನಿಂದ ಆಗಿಲ್ಲ. ಇನ್ನೂ ಜನರ ಕೈಗೆ ಬಿಡದ ಮೊಬೈಲ್ ಆಟಗಳನ್ನು ಮೊದಲೇ ಆಡಿ, ಎಲ್ಲೆಲ್ಲಿ ಬಗ್ ಇದೆ ಎಂದು ಹುಡುಕಿ ಬರೆದು ಕಳಿಸುವುದು. "ಮೂರೊತ್ತೂ ಫೋನಲ್ಲಿ ಆಟ ಆಡೋದೂ ಒಂದು ಕೆಲ್ಸಾನೇನಮ್ಮ?" ಎಂದು ಪಕ್ಕದ ಮನೆಯಾಕೆ ಕೇಳುತ್ತಾರೆ. ಆಟದೊಳಗಿನ ಒಂದೇ ಗೋಡೆಗೆ ಬೆಳಗಿಂದ ಸಂಜೆಯವರೆಗೆ ಡಿಕ್ಕಿ ಹೊಡೆದು ನೋಡಿ ತಾಯಿ, ಆಮೇಲೆ ಹೇಳಿ ಅದು ಆಟವೋ ಅಲ್ಲವೋ ಅಂತ.

ಆ ಸಲ ಬಂದದ್ದು ರೇಷ್ಮೆ ಹುಳ ಸಾಕುವ ಆಟ. ನನಗೆ ಖುಷಿಯೋ ಖುಷಿ. ನಮ್ಮ ಮನೆಯ ಹಿಂದೆಯೇ ಹುಳದ ಮನೆ. ತೋಟ, ನೀರು ಅಪ್ಪನದು, ಹುಳ ಅಮ್ಮನದು. ಆಡಿದ ಮೊದಲ ದಿನವೇ ತಪ್ಪು ಸಿಕ್ಕಿತು. ಆಟದಲ್ಲಿ ಗಂಟೆ ಹೊಡೆಯುತ್ತದೆ, ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಹಾಕದಿದ್ದರೆ ಹುಳ ಸಾಯುತ್ತದೆ. ಜ್ವರ ಎನ್ನುವುದೇ ಇಲ್ಲ! ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತವೆ. ಎಲ್ಲವೂ ಏಳುವವರೆಗೆ ಒಂದು ಎಲೆಯನ್ನೂ ಹಾಕಬಾರದು. ಹಾಕಿದರೆ ಮುಂಚೆ ಎದ್ದವು ತಿಂದು ಬೆಳೆದುಬಿಡುತ್ತವೆ, ಮಿಕ್ಕವು ಹಿಂದೆ ಬೀಳುತ್ತವೆ, ಬೆಳೆ ಏರುಪೇರಾಗುತ್ತದೆ. ಹುಳ ಸಾಕುವ ಹೆಂಗಸರಿಗೆ ಸಿಗುವ ಬಿಡುವೂ ಆಗಲೇ. ಅಮ್ಮ ಎಣ್ಣೆ ಸ್ನಾನ ಮಾಡುವುದು, ಶಿಡ್ಲಘಟ್ಟಕ್ಕೆ ಹೋಗಿ ಬರುವುದು, ಎಲ್ಲ ಜ್ವರದ ದಿನವೇ.

ಬಗ್ ಎಂದು ಬರೆದು ಕಳಿಸಿದೆ. "ಇದು ಬಗ್ ಅಲ್ಲ, ಹೀಗೇ ಮಾಡಿರುವುದು" ಎಂದು ವಾಪಸ್ ಬಂತು. ಮತ್ತೆ ಬರೆದೆ, ಮತ್ತೆ ವಾಪಸ್. ಮೂರನೇ ಸಲಕ್ಕೆ ಆಟ ಮಾಡಿದ ಮಹಾಶಯನೇ ಫೋನ್ ಮಾಡಿದ.

"ಮೇಡಂ, ಪ್ಲೇಯರ್‌ಗೆ ಮಾಡೋಕೇನೂ ಇಲ್ದೆ ಇದ್ರೆ ಆಪ್ ಕ್ಲೋಸ್ ಮಾಡ್ಬಿಡ್ತಾನೆ."

"ಮಾಡ್ಲಿ ಬಿಡಪ್ಪ! ಊಟ ಮಾಡ್ಲಿ, ಮಲಗ್ಲಿ, ನೆಂಟರ ಮನೆಗೆ ಹೋಗ್ಲಿ!"

"ಅದೇ ಮೇಡಂ ನಮ್ಗೆ ಪ್ರಾಬ್ಲಮ್ಮು."

ಇವನ ಜೊತೆ ಏನು ಮಾತಾಡುವುದು? ಮುಂದಿನ ಆವೃತ್ತಿಯಲ್ಲಿ ಗಂಟೆಯನ್ನು ಇನ್ನೂ ಜೋರು ಮಾಡಿ, ಎರಡು ಪಟ್ಟು ಸಲ ಹೊಡೆಯುವ ಹಾಗೆ ಮಾಡಿ ಕಳಿಸಿದ್ದ. ಅದನ್ನು ಪರೀಕ್ಷೆ ಮಾಡುವ ಕರ್ಮವೂ ನನ್ನದೇ. ಹದಿನೈದು ದಿನ ಗಂಟೆ ಹೊಡೆದಾಗಲೆಲ್ಲ ಸೊಪ್ಪು ಹಾಕಿದೆ. ಅನ್ನದ ತಟ್ಟೆ ಮುಂದೆ ಕೂತಾಗಲೂ ಎಡಗೈಯಲ್ಲಿ ಹಾಕಿದೆ.

ಅದೇ ಹೊತ್ತಿಗೆ ಚಿಂತಾಮಣಿಯ ಚಿಕ್ಕಮ್ಮ ಅಮ್ಮನನ್ನು ಕರೆದರು. ಒಂದು ರಾತ್ರಿ ಇದ್ದು, ಮಾರನೇ ದಿನ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಬರೋಣ ಎಂದು. ಹುಳ ಇಟ್ಟಾಗ ಅಮ್ಮ ಹೊರಗೆ ಒಂದು ರಾತ್ರಿ ಕಳೆದದ್ದನ್ನು ನಾನು ಕಂಡಿಲ್ಲ. ಈ ಸಲ ನಾನಿದ್ದೆನಲ್ಲ, ಧೈರ್ಯ ಮಾಡಿದರು. ಹೊಸ ಸೀರೆ ಉಟ್ಟು, ಬಸ್ಸಿಗೆ ಬಿಡಲು ಹೊರಟ ಅಪ್ಪನ ಹಿಂದೆ ಬೈಕಿನಲ್ಲಿ ಕೂತು ಹೇಳಿದರು: "ನಾಲ್ಕನೇ ಜ್ವರಕ್ಕೆ ಕೂತವೆ. ನಾನು ಬರೋಗಂಟ ಏನೂ ಹಾಕ್ಬೇಡ. ಸುಮ್ನೆ ಇರೋದೇ ನಿನ್ ಕೆಲ್ಸ ಕಣೇ."

"ನಂಗೆ ಹೇಳ್ಬೇಕಾ? ಇದೇ ವಿಷಯಕ್ಕೆ ತಿಂಗಳಿಂದ ಜಗಳ ಆಡ್ತಿದೀನಿ, ನಿಶ್ಚಿಂತೆಯಾಗಿ ಹೋಗ್ಬಾಮ್ಮ" ಎಂದೆ. ಅಮ್ಮ ನಕ್ಕರು.

ಮಾರನೇ ದಿನ ಬೆಳಿಗ್ಗೆ ಇಣುಕಿ ನೋಡಿದೆ. ಕೆಲವು ಹುಳ ಎದ್ದು ಅತ್ತಿತ್ತ ಹರಿದಾಡುತ್ತಿದ್ದವು. ಮಿಕ್ಕವು ಕೂತೇ ಇದ್ದವು. ಜೇಬಿನಲ್ಲಿದ್ದ ಫೋನು ಟಣ್ ಎಂದಿತು. ಅಯ್ಯೋ ಪಾಪ, ಹಸಿದಿವೆ ಎನ್ನಿಸಿತು. ಎದ್ದವಕ್ಕೆ ಮಾತ್ರ ಒಂದು ಹಿಡಿ ಎಂದುಕೊಂಡೆ. ಎದ್ದವು ಹುಳದ ತಟ್ಟೆ ಎಲ್ಲದರಲ್ಲೂ ಇದ್ದವು, ಒಂದು ಹಿಡಿ ಒಂದು ಮಂಕರಿಯಾಯಿತು. ಒಂದು ಗಂಟೆ ಬಿಟ್ಟು ಮತ್ತೆ ಟಣ್ ಎಂದಿತು, ಮತ್ತೆ ಹಾಕಿದೆ. ಮೂರನೇ ಸಲ ಕೈತುಂಬ ಸೊಪ್ಪು ಹಿಡಿದು ಬಾಗಿಲು ದಾಟುವಾಗ ನಾನೇನು ಮಾಡುತ್ತಿದ್ದೇನೆಂದು ಹೊಳೆಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹಾಕಿದ ಸೊಪ್ಪನ್ನು ಆಯಲು ಹೋದೆ. ಎಲೆಯ ತುಂಬ ಹುಳ ಹತ್ತಿ ಕೂತಿದ್ದವು, ಅಡಿಯಲ್ಲಿ ಜ್ವರದವು ಒದ್ದೆ ಸೊಪ್ಪಿನ ಕೆಳಗೆ ಸಿಕ್ಕಿಕೊಂಡಿದ್ದವು. ಅಲ್ಲೇ ಕೂತು ಅತ್ತೆ.

ಸಂಜೆ ಅಮ್ಮ ಬಂದು, ಬ್ಯಾಗನ್ನೂ ಕೆಳಗಿಡದೆ ಒಳಗೆ ಹೋದರು. ಬಯ್ಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ದರ್ಗಾದಿಂದ ತಂದ ಸಕ್ಕರೆಯ ಪೊಟ್ಟಣ ನನ್ನ ಕೈಗಿಟ್ಟು, ಸೆರಗು ಸಿಕ್ಕಿಸಿಕೊಂಡು ದೊಡ್ಡವನ್ನೂ ಚಿಕ್ಕವನ್ನೂ ಬೇರೆ ಮಾಡಲು ಕೂತರು. ಒಂದೇ ದಿನ ಬಲಿತು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರಬೇಕಿದ್ದ ಹುಳ ನಾಲ್ಕು ದಿನ ಎಳೆದವು. ಒಂದಷ್ಟು ಏರಲೇ ಇಲ್ಲ.

ಕಂಪನಿಗೆ ನಡೆದದ್ದನ್ನು ನಡೆದ ಹಾಗೆ ಬರೆದೆ. ನಿಮ್ಮ ಆಟ ಆಡಿ ಆಡಿ ನಿಜವಾದ ಜ್ವರದ ಹುಳಕ್ಕೆ ಸೊಪ್ಪು ಹಾಕಿಬಿಟ್ಟೆ, ಇನ್ನಾದರೂ ಸರಿಮಾಡಿ ಎಂದು. ಆಟ ಮಾಡಿದವನಿಗೆ ಸಂತೋಷವಾಗಿತ್ತು. ಅಷ್ಟು ಅಭ್ಯಾಸ ಹಿಡಿಸುತ್ತಾ ಮೇಡಂ, ಜಾಹೀರಾತಿಗೆ ನಿಮ್ಮ ಮಾತು ಬಳಸಿಕೊಳ್ಳಲಾ ಎಂದು ಕೇಳಿದ. ಫೋನ್ ಎತ್ತಿ ಗೋಡೆಗೆ ಎಸೆಯಬೇಕೆನ್ನಿಸಿತು.

ಮುಂದಿನ ಬೆಳೆ ಇಟ್ಟಾಗ ಚಿಕ್ಕಮ್ಮ ಮತ್ತೆ ಕರೆದರು. ನಾನು ಅಮ್ಮನ ಎದುರಿಗೇ ನಿಂತಿದ್ದೆ. "ಹೋಗಿ ಬಾಮ್ಮ, ನಾನಿದೀನಿ" ಎಂದು ಸನ್ನೆ ಮಾಡಿದೆ. ಅಮ್ಮ ನನ್ನನ್ನು ನೋಡಿ, ಆ ಕಡೆ ತಿರುಗಿ ಫೋನಿಗೆ ಹೇಳಿದರು:

"ಆಗಲ್ಲ ಕಣೇ, ಹುಳ ಜ್ವರಕ್ಕೆ ಕೂತವೆ. ಮನೇಲಿ ಯಾರೂ ಇಲ್ಲ."